ಎರಡು ಸಾಲಿನ ಊಟ

ಗೋಕಾಕದ ನಮ್ಮ ಕಾಲೇಜಿನಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಕಾಕಾ ಕುಲಗೋಡದಿಂದ ಮೊದಲ ಬಸ್ಸಿಗೇ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಪಂಜರಗಳ ಮುಂದೆ ನಿಂತು “ಎಲ್ಲಾರೂ ಉಂಡ್ರೇನ್ರೆಪಾ?” ಎಂದು ಕೇಳಿದ ಮೇಲೆಯೇ ಅವರ ಕೆಲಸ ಶುರು. ಇಲಿಗಳಿಗೂ ಮರ್ಯಾದೆ!

ನನ್ನ ಸಂಶೋಧನೆ ಇಷ್ಟೇ: ಮೇಲಿನ ಸಾಲಿನ ಇಲಿಗಳ ಆಹಾರಕ್ಕೆ ಚೂರು ಜಿಂಕ್ ಬೆರೆಸುವುದು, ಕೆಳಗಿನ ಸಾಲಿಗೆ ಬರೀ ಆಹಾರ ಕೊಡುವುದು, ಆಮೇಲೆ ಬಾಲದಿಂದ ಹನಿ ರಕ್ತ ತೆಗೆದು ಥೈರಾಯ್ಡ್ ಹಾರ್ಮೋನು ಅಳೆಯುವುದು. ಎರಡು ಬೇರೆ ಬೇರೆ ಡಬ್ಬಿಗಳಿಂದ ಊಟ ಹಾಕುವ ಕೆಲಸ ಕಾಕಾ ಅವರದು. ಎರಡು ತಿಂಗಳ ಮೇಲೆ ನೋಡಿದರೆ ಎರಡೂ ಸಾಲು ಒಂದೇ ಸಮ. ರಕ್ತದಲ್ಲಿನ ಜಿಂಕ್ ಕೂಡ ಒಂದೇ ಸಮ! ತಲೆಯ ಮೇಲೆ ಕೈಹೊತ್ತು ಕೂತೆ.

ಕಾಕಾ ತಾವಾಗಿಯೇ ಬಂದು ನಿಂತರು. “ಅಕ್ಕಾರ, ತಪ್ಪ ನಂದ ಐತ್ರಿ. ಒಂದ ಪಂಕ್ತಿಗೆ ಕುಂತಾವರೊಳಗ ಒಬ್ಬರಿಗೆ ತುಪ್ಪಾ ನೀಡಿ, ಬಾಜೂದವರಿಗೆ ಬಿಡಾಕ ಮನಸ್ಸ ಆಗ್ಲಿಲ್ರಿ. ಎರಡೂ ಡಬ್ಬಿ ಕೂಡಿಸಿ ಎಲ್ಲಾರಿಗೂ ಹಾಕೀನ್ರಿ.”

ಸಿಟ್ಟು ಬಂತು, ಖರೆ. ಆದರೂ ಹೊಸ ಇಲಿಗಳನ್ನು ತರಿಸಿ, ಹೋಲಿಸಿ ನೋಡಲು ಒಂದು ಸಾಲು ಬರೀ ಊಟ ಉಣ್ಣಲೇಬೇಕೆಂದು ಅವರಿಗೆ ತಿಳಿಹೇಳಿದೆ. ಕಾಕಾ ಮಾತು ಉಳಿಸಿಕೊಂಡರು. ಕೆಳಗಿನ ಸಾಲಿಗೆ ಹಾಕುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದರು.

ಈ ಸಲ ಎರಡು ಸಾಲಿನ ಹಾರ್ಮೋನು ಸ್ಪಷ್ಟವಾಗಿ ಬೇರೆಯಾಗಿಯೇ ಬಂತು. ಕೊನೆಯ ಹನಿ ರಕ್ತ ತೆಗೆದ ದಿನ ಅವರು ಜಿಂಕ್ ಬೆರೆಸಿದ ಡಬ್ಬಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು.

“ನಿಮ್ಮ ಕೆಲಸ ಮುಗೀತೇನ್ರಿ ಅಕ್ಕಾರ?”

“ಮುಗೀತ್ರಿ ಕಾಕಾ.”

ಅವರು ಕೆಳಗಿನ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದರು.

“ತಡಾ ಆತ್ರೆಪಾ. ಈಗ ಉಣ್ರಿ.”