ಕಹಳೆಯ ಶಿಫೆರಾವ್ ಮೊಬೈಲಿಗೆ ಬೆನ್ನು ಹಾಕಿದ್ದು

ದೆಸ್ಸಿ ಪಟ್ಟಣದ ಮೇಲ್ಕೇರಿಯಲ್ಲಿ ಯಾರೇ ತೀರಿಕೊಂಡರೂ ಬೆಳಗಿನ ಜಾವ ಕಹಳೆ ಊದಿ ಸಾರುವವನು ಶಿಫೆರಾವ್. ಸಾವಿನ ಮನೆಗಳಿಗೆ ನೆರವಾಗಲು ಕೇರಿಯವರೇ ಕಟ್ಟಿಕೊಂಡ ಸಂಘ ಇಪ್ಪತ್ತೆರಡು ವರ್ಷದ ಹಿಂದೆ ಅವನಿಗೆ ಈ ಕೆಲಸ ವಹಿಸಿತ್ತು. ಊದುವುದೇನು ಮಹಾ, ಉಸಿರಿದ್ದವರೆಲ್ಲ ಊದಬಹುದು. ಕಷ್ಟವಿರುವುದು ಅದಕ್ಕೂ ಮೊದಲಿನ ಕೆಲಸದಲ್ಲಿ. ಸತ್ತವರ ಹತ್ತಿರದವರಿಗೆ ಸುದ್ದಿಯನ್ನು ಮುಖಕ್ಕೆ ಹೊಡೆದಂತೆ ಹೇಳುವ ಹಾಗಿಲ್ಲ. ಹಿಂದಿನ ದಿನವೇ ಗೊತ್ತಾದರೂ, ಉಣ್ಣಲಿ, ಒಂದು ನಿದ್ದೆ ಮಾಡಲಿ ಎಂದು ಊರೆಲ್ಲ ಬಾಯಿ ಹೊಲಿದುಕೊಂಡಿರಬೇಕು. ಬೆಳಕು ಹರಿಯುವ ಹೊತ್ತಿಗೆ ಏಳೆಂಟು ಜನ ಒಟ್ಟಿಗೆ ಹೋಗಿ, ಕೂರಿಸಿ, ತೋಳು ಹಿಡಿದುಕೊಂಡು ಹೇಳಬೇಕು. ಅದಕ್ಕೆ ಮೆರ್ದೊ ಎನ್ನುತ್ತಾರೆ. ಮೆರ್ದೊ ಹೇಳುವುದರಲ್ಲಿ ಶಿಫೆರಾವ್‌ನದು ಎತ್ತಿದ ಕೈ.

ಅಂಥವನ ಕೈಗೆ ಮಗಳು ಮೊಬೈಲ್ ಕೊಟ್ಟಳು. ಮೊದಮೊದಲು ಊರಿನ ಸಮಾಚಾರ ಓದಿದ. ಆಮೇಲೆ ಎಲ್ಲೋ ನೆರೆ, ಎಲ್ಲೋ ಮಿಡತೆ, ಹೆಸರೇ ಕೇಳದ ದೇಶದಲ್ಲಿ ದೋಣಿ ಮುಳುಗಿತು. ಒಂದು ಮುಗಿದರೆ ಇನ್ನೊಂದು. ಹೆಂಡತಿ ಅಸ್ನಾಕೆಚ್ ಬಡಿಸಿಕೊಂಡು ಕಾಯುವಳು.

"ತಡಿಯೇ, ಇನ್ನೊಂದು ನೋಡಿ ಬರ್ತೀನಿ."

"ಇನ್ನೊಂದರಲ್ಲೇನು, ಸತ್ತೋರು ಎದ್ದು ಬರ್ತಾರಾ?"

"ಲೋಕದಲ್ಲಿ ಏನಾಗ್ತಿದೆ ಅಂತ ತಿಳ್ಕೊಂಡಿರಬೇಕು ಕಣೆ. ನನ್ನ ಕೆಲಸಾನೇ ಅದು."

"ನಿಮ್ಮ ಕೆಲಸ ಈ ಕೇರಿದು. ಲೋಕಕ್ಕೆಲ್ಲ ಕಹಳೆ ಊದಿ ಅಂತ ನಿಮಗ್ಯಾರು ಹೇಳಿದ್ರು?"

ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅದರ ಪೆಟ್ಟು ಬಿದ್ದದ್ದು ಪಕ್ಕದ ಮನೆಯ ಯೆಶಿಮೆಬೆಟ್‌ಳ ಮೇಲೆ. ಅವಳೊಬ್ಬಳೇ ಅಂಗಳದಲ್ಲಿ ಕೂತು ದೊಡ್ಡ ಹಂಚಿನ ಮೇಲೆ ದೋಸೆಯಂಥ ಇಂಜೆರಾ ಹುಯ್ಯುತ್ತಿದ್ದಳು. ಶಿಫೆರಾವ್ ಬೇಲಿಯ ಬಳಿ ಮೊಬೈಲಿನಲ್ಲಿ ಮುಖ ಹುದುಗಿಸಿ ನಿಂತಿದ್ದ. ಕಣಿವೆಗೆ ಉರುಳಿದ ಲಾರಿಯೊಂದರ ಚಿತ್ರ ಬಂತು.

"ಯೆಶಿ, ಈ ನೀಲಿ ಲಾರಿ ನಿನ್ನ ತಮ್ಮಂದಲ್ವಾ? ಡ್ರೈವರ್ ಉಳಿದಿಲ್ಲ ಅಂತ ಬರೆದಿದ್ದಾರೆ."

ಹೇಳಿ ಮುಗಿದ ಮೇಲೆ ಅವನಿಗೆ ತಾನೇನು ಹೇಳಿದೆನೆಂದು ಕೇಳಿಸಿತು. ಅಷ್ಟರಲ್ಲಿ ಅವಳು ಮುಂದಕ್ಕೆ ಕುಸಿದು ಕಾದ ಹಂಚಿಗೆ ಅಂಗೈ ಊರಿದ್ದಳು. ಹಿಡಿಯಲು ಒಬ್ಬರೂ ಇರಲಿಲ್ಲ.

ಮೂರನೆಯ ದಿನ, ದುಃಖಕ್ಕೆ ಬಂದವರು ಕೂರಲು ಹಾಕಿದ್ದ ಚಪ್ಪರದಡಿ, ಅವಳೇ ಅವನನ್ನು ಕರೆದಳು. "ನನ್ನ ತಮ್ಮನ್ನ ದೇವರು ಕರ್ಕೊಂಡ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನಾನು ಒಬ್ಬಳೇ ಇದ್ದೆ ಶಿಫೆರಾವ್ ಅಣ್ಣ. ನೀವು ತಲೆ ಕೂಡ ಎತ್ತಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಾಚಿಕೆಯಿಂದ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಹೋಗಿ ಕಹಳೆ ತಂದು ಸಂಘದ ಯಜಮಾನ ಅಯಾಲ್ನೆಯ ಕೈಗಿಟ್ಟ. "ಈ ಚಟ ಬಿಡೋ ತನಕ ಇದನ್ನ ಮುಟ್ಟಲ್ಲ."

"ಎಷ್ಟು ದಿನ ಬೇಕಯ್ಯಾ?"

"ಗೊತ್ತಿಲ್ಲ. ಬಿಟ್ಟೇ ಬಿಡ್ತೀನಿ, ಅದು ಗೊತ್ತು."

ಹೇಳಿದಷ್ಟು ಸುಲಭವಿತ್ತೇ? ಮೊಬೈಲ್ ಬಚ್ಚಿಡಲು ಹೆಂಡತಿಗೆ ಕೊಟ್ಟ. ನಾಲ್ಕನೆಯ ದಿನ ಅವಳು ಸಂತೆಯಿಂದ ಬಂದು ನೋಡಿದರೆ, ಗಂಡ ಟೆಫ್ ಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿಕೊಂಡು ಕೂತಿದ್ದಾನೆ, ಗಡ್ಡಕ್ಕೆಲ್ಲ ಹಿಟ್ಟು.

"ಏನ್ರೀ, ಹಿಟ್ಟು ಕಲಸೋಕೆ ಹೊರಟ್ರಾ? ನೀರು ತರ್ಲಾ?"

ಶಿಫೆರಾವ್‌ಗೆ ತನ್ನ ಮೇಲೇ ರೇಗಿಹೋಯಿತು. ಮೊಬೈಲ್ ಹೊರಗೆಳೆದು, ಒರೆಸಿ, ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ. "ಬಚ್ಚಿಟ್ರೆ ಹುಡುಕ್ತೀನಿ. ಇಲ್ಲೇ ಇರ್ಲಿ. ಬಿಡಬೇಕಾದೋನು ನಾನು, ಹಿಟ್ಟಿನ ಡಬ್ಬ ಅಲ್ಲ. ಮಗಳ ಫೋನ್ ಬಂದ್ರೆ ನೀನೇ ಎತ್ತು."

ಅಂದಿನಿಂದ ಕಾಫಿಗೆ ಕೂತಾಗ ಜನರ ಬಾಯಿಂದ ಬಂದಷ್ಟೇ ಸುದ್ದಿ ಅವನಿಗೆ ಸಾಕು. ಹೆಬ್ಬೆರಳು ಮಾತ್ರ ಸುಮ್ಮನಿರದೆ ಬಟ್ಟಲ ಅಂಚನ್ನು ಉಜ್ಜುತ್ತಿತ್ತು. ಉಜ್ಜಲಿ ಎಂದುಕೊಂಡ. ಎರಡು ಸಲ ಗೂಡಿನವರೆಗೆ ಹೋಗಿ, ತನ್ನನ್ನು ತಾನೇ ಬೈದುಕೊಂಡು ತಿರುಗಿ ಬಂದ. ಹೀಗೇ ಎರಡು ತಿಂಗಳು ದಾಟಿತು.

ಒಂದು ಬೆಳಗಿನ ಜಾವ ಬಾಗಿಲು ಸದ್ದಾಯಿತು. ಕಿಂಡಿಯಿಂದ ನೋಡಿದ. ಮುಂದೆ ಅಯಾಲ್ನೆ, ಹಿಂದೆ ಯೆಶಿಮೆಬೆಟ್, ಅವರ ಹಿಂದೆ ಇನ್ನೂ ಐದು ಜನ. ಕಹಳೆ ಮರಳಿಸುವುದಾದರೆ ಅಯಾಲ್ನೆ ಒಬ್ಬನೇ ಬರುತ್ತಿದ್ದ. ಏಳು ಜನ ಒಟ್ಟಿಗೆ ಯಾಕೆ ಬರುತ್ತಾರೆಂದು ಶಿಫೆರಾವ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ನಿನ್ನೆ ಸಂಜೆ ತಾನು ಬೇಡವೆಂದರೂ ಹೆಂಡತಿ ಎರಡನೆಯ ಸಲ ಬಡಿಸಿದ್ದು ಯಾಕೆಂದು ಈಗ ಅರ್ಥವಾಯಿತು.

ಯಾರು? ಗೊಂದರ್‌ನ ಅಣ್ಣನೇ? ಅಡಿಸ್‌ನಲ್ಲಿರುವ ಮಗಳೇ? ಮೊಬೈಲ್ ಕೈಯಳತೆಯಲ್ಲೇ ಇತ್ತು. ನೆಂಟರಲ್ಲಿ ಯಾರಾದರೂ ಅದಕ್ಕೆ ಸಂದೇಶ ಕಳಿಸಿಯೇ ಇರುತ್ತಾರೆ. ಒಮ್ಮೆ ಬೆರಳು ಸವರಿದರೆ ಬಾಗಿಲು ತೆರೆಯುವ ಮೊದಲೇ ಎಲ್ಲ ತಿಳಿದುಬಿಡುತ್ತಿತ್ತು. ಕೈ ಗೂಡಿನ ಕಡೆ ಎದ್ದೂಬಿಟ್ಟಿತು. ಅದೇ ಕೈಯಿಂದ ಶಿಫೆರಾವ್ ಬಾಗಿಲ ಚಿಲಕ ತೆಗೆದ.

ಯಾರೂ ಹೇಳದೆಯೇ ಮಣೆ ಎಳೆದುಕೊಂಡು ಕೂತ. "ಯೆಶಿ, ನೀನೇ ಹೇಳಮ್ಮ. ಕೂತಿದ್ದೀನಿ."

ಅವಳು ಪಕ್ಕದಲ್ಲಿ ಕೂತು ಅವನ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. "ಗೊಂದರ್‌ನಲ್ಲಿ ನಿಮ್ಮ ಅಣ್ಣ ನಿನ್ನೆ ಹೋಗ್ಬಿಟ್ರು. ನಾವೆಲ್ಲ ಇದ್ದೀವಿ."

ಶಿಫೆರಾವ್ ಊರಿಗೆಲ್ಲ ಕೇಳಿಸುವಂತೆ ಅತ್ತ. ಏಳು ಜನವೂ ಅವನನ್ನು ಬಿಡಲಿಲ್ಲ.