ಗುರಲಿಂಗಪ್ಪನ ಮೂವತ್ತು ಫೂಟು

ಬಬಲೇಶ್ವರದ ಗುರಲಿಂಗಪ್ಪ ಹರೆಯದಲ್ಲಿ ವಿಜಯಪುರದ ಗಾಂಧಿ ಚೌಕಿನ ಅರಿವೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಬಟ್ಟೆ ಅಳೆದ. ಬಟ್ಟೆಯನ್ನು ಬಿಗಿಯಾಗಿ ಎಳೆದು ಅಳೆದರೆ ಮೀಟರಿಗೆ ಎರಡು ಬೆರಳು ಅಂಗಡಿಗೆ ಉಳಿಯುತ್ತದೆ. ಈ ವಿದ್ಯೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಗುರಲಿಂಗಪ್ಪ ಎಳೆಯುತ್ತಿರಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳಬೇಕಾಗಿಲ್ಲ. ಎಳೆಯದೆ ಅಳೆದವನ ಹತ್ತಿರ ಗಿರಾಕಿ ತಿರುಗಿ ಬರುತ್ತಾನೆಂದು ಅವನು ಬೇಗ ಕಂಡುಕೊಂಡಿದ್ದ, ಅಷ್ಟೆ.

ಮುಂದೆ ಹೆಂಡತಿ ಗೌರಾಬಾಯಿಯ ತವರಿನವರು ಟಿಕೋಟಾದ ರಸ್ತೆಬದಿಯ ನಾಲ್ಕು ಎಕರೆ ಹೊಲವನ್ನು ಎನ್.ಎ. ಮಾಡಿಸಿ, ಅಂದರೆ ಮನೆ ಕಟ್ಟುವ ಜಾಗವೆಂದು ಸರಕಾರಿ ಕಾಗದ ಮಾಡಿಸಿ, ಪ್ಲಾಟು ಹಾಕಿದಾಗ ಅಳತೆಯ ಕೆಲಸ ಅಳಿಯನ ಪಾಲಿಗೆ ಬಂತು. ಟೇಪಿನ ಒಂದು ತುದಿ ಹಿಡಿಯಲು ತನ್ನೂರಿನ ರಸೂಲಸಾಬನನ್ನು ಆಳಾಗಿ ಕರೆದುಕೊಂಡ. ಇನ್ನೊಂದು ತುದಿ ತಾನೇ ಹಿಡಿದ. ಆಗ ಸುತ್ತಲಿನ ಲೇಔಟುಗಳಲ್ಲಿ ಕಾಗದದ ಮೇಲೆ ಮೂವತ್ತು ಫೂಟು ಅಗಲವಿದ್ದ ಪ್ಲಾಟು ನೆಲದ ಮೇಲೆ ಇಪ್ಪತ್ತೊಂಬತ್ತೇ ಇರುತ್ತಿತ್ತು. ಕಾಗದದಲ್ಲಿ ಮೂವತ್ತಿದ್ದರೆ ಗುರಲಿಂಗಪ್ಪ ನೆಟ್ಟ ಕಲ್ಲುಗಳ ನಡುವೆಯೂ ಮೂವತ್ತೇ. ದ್ರಾಕ್ಷಿ ಬೆಳೆಗಾರರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದು ಕೊಂಡರು. ಇಪ್ಪತ್ತೆರಡು ವರ್ಷಗಳಲ್ಲಿ ಟಿಕೋಟಾ, ತೊರವಿ, ಇಟ್ಟಂಗಿಹಾಳಗಳಲ್ಲಿ ಅವನು ಏಳು ಲೇಔಟು ಮಾಡಿದ. ಅವನ ಪ್ಲಾಟು ನೋಡಲು ಬರುವವರು ತೆಂಗಿನಕಾಯಿ ತರುತ್ತಿದ್ದರು, ದಿಕ್ಕು ನೋಡುವ ಅಯ್ಯನವರನ್ನು ತರುತ್ತಿದ್ದರು, ಟೇಪು ತರುತ್ತಿರಲಿಲ್ಲ. ತಂದವನಿಗೆ ರಸೂಲಸಾಬ ಚಹಾ ಕೊಡುತ್ತಿರಲಿಲ್ಲ.

ಆಟದ ಮೇಲಿನ ಪ್ರೀತಿಯಿಂದ ಅವನು ಕಬಡ್ಡಿ ತಂಡ ಕೊಂಡನೆಂದರೆ ಸುಳ್ಳಾದೀತು. ಎಂಟು ಊರುಗಳ ಮಹಿಳಾ ಕಬಡ್ಡಿ ಲೀಗ್ ಶುರುವಾದಾಗ ವಿಜಯಪುರದ ತಂಡಕ್ಕೆ ಮಾಲಕ ಬೇಕಾಗಿದ್ದ. ಹುಡುಗಿಯರ ಬೆನ್ನ ಮೇಲೆ ತನ್ನ ಲೇಔಟಿನ ಹೆಸರು ಬಂದರೆ ಟಿವಿಯಲ್ಲಿ ಕಾಣುತ್ತದೆಂದು ಗುರಲಿಂಗಪ್ಪ ಒಪ್ಪಿಕೊಂಡ. ತಂಡಕ್ಕೆ ಆ ಸೀಮೆಯ ಡೋಣಿ ಹೊಳೆಯ ಮೇಲೆ ಡೋಣಿ ವಾರಿಯರ್ಸ್ ಎಂದು ಹೆಸರಿಟ್ಟು ಹದಿನಾಲ್ಕು ಆಟಗಾರ್ತಿಯರನ್ನು ತಿಂಗಳ ಪಗಾರದ ಮೇಲೆ ಇಟ್ಟುಕೊಂಡ. ಇಟ್ಟಂಗಿಹಾಳದ ಲೇಔಟಿನಲ್ಲಿ, ತನ್ನ ಆಫೀಸಿನ ಎದುರಿಗೇ, ತಾನೂ ರಸೂಲಸಾಬನೂ ಅಳೆದು ಕಲ್ಲು ನೆಟ್ಟು ಕೆಮ್ಮಣ್ಣಿನ ಅಂಕಣ ಮಾಡಿಸಿದ. ಆಮೇಲೆ ತರಬೇತಿಗೆಂದು ಹಳೆಯ ಆಟಗಾರ ರಾಜಾರಾಮನನ್ನು ನೇಮಿಸಿದ. ಬೆಳಿಗ್ಗೆ ಐದು ನಿಮಿಷ ನೋಡಿ ಹೋಗೋಣವೆಂದು ಕುರ್ಚಿ ಹಾಕಿಸಿಕೊಂಡವನು ಎರಡು ತಿಂಗಳಲ್ಲಿ ಎರಡು ತಾಸು ಕೂಡತೊಡಗಿದ.

ತಂಡದ ನಾಯಕಿ ತೊರವಿಯ ಯಶೋಧರಾ. ಅವಳ ತಾಯಿ ಸೋನಾಬಾಯಿ ಅಂಗನವಾಡಿಯಲ್ಲಿ ಸಹಾಯಕಿ. ಯಶೋಧರಾ ಎದುರಾಳಿಗಳ ನಡುವೆ ನುಗ್ಗುವವಳಲ್ಲ. ಅಂಕಣದ ಅಂಚಿನ ಗುಂಟ ಓಡಿ, ಮೂಲೆಯಲ್ಲಿ ನಿಂತವಳ ಕಾಲಿಗೆ ತನ್ನ ಕಾಲ್ಬೆರಳು ತಾಗಿಸಿ ತಿರುಗಿ ಬರುವವಳು. ಹತ್ತು ತಿಂಗಳು ದಿನಕ್ಕೆರಡು ಸಲ ಅದನ್ನೇ ಮಾಡಿದ್ದಳು. ಗೆರೆ ಎಲ್ಲಿದೆಯೆಂದು ಅವಳು ನೋಡಬೇಕಾಗಿರಲಿಲ್ಲ. ಕ್ರೀಡಾ ಕೋಟಾದಲ್ಲಿ ಪೊಲೀಸ್ ನೌಕರಿಗೆ ಅರ್ಜಿಯನ್ನೂ ಹಾಕಿದ್ದಳು.

ಲೀಗಿನ ಮೊದಲ ಮೂರು ಪಂದ್ಯಗಳನ್ನು ತಂಡ ಸೋತಿತು. ಮೂರು ಪಂದ್ಯಗಳಲ್ಲಿ ಯಶೋಧರಾ ಒಂಬತ್ತು ಸಲ ಹೊರಗೆರೆ ದಾಟಿ ಔಟಾದಳು. ಮಣ್ಣಿನ ಮೇಲೆ ಆಡಿದವರಿಗೆ ಲೀಗಿನವರು ಹಾಸುವ ಮ್ಯಾಟು ಹೊಂದುವುದಿಲ್ಲ ಎಂದ ರಾಜಾರಾಮ. ಗುರಲಿಂಗಪ್ಪ ತೊಂಬತ್ತಾರು ತುಂಡುಗಳ ಪೂರ್ತಿ ಮ್ಯಾಟು ತರಿಸಲು ಹೇಳಿದನಾದರೂ ಸಿಟ್ಟು ಇಳಿಯಲಿಲ್ಲ. ಮೂರನೆಯ ಪಂದ್ಯ ನಡೆದ ಹುಬ್ಬಳ್ಳಿಯಿಂದ ತಿರುಗಿ ಬರುವಾಗ ಕಾರಿನಲ್ಲಿ ಕೂತು ತಂಡದ ವಾಟ್ಸಾಪ್ ಗ್ರೂಪಿಗೆ ತನ್ನ ದನಿಯಲ್ಲೇ ಹೇಳಿ ಕಳಿಸಿದ:

“ಒಮ್ಮಿ ದಾಟಿದ್ರ ತಪ್ಪಂತೀನಿ, ಎರಡ ಸಲ ದಾಟಿದ್ರೂ ತಪ್ಪಂತೀನಿ. ಒಂಬತ್ತ ಸಲ ದಾಟ್ಯಾಳಂದ್ರ ತಿಳದ ದಾಟ್ಯಾಳ. ಯಾರ ಸಲುವಾಗಿ ದಾಟ್ಯಾಳ ಅನ್ನೂದ ಆಕಿನ್ನ ಕೇಳಬೇಕು.”

ಆ ಗ್ರೂಪಿನಲ್ಲಿ ಪತ್ರಿಕೆಯವರೂ ಇದ್ದರು. ಮರುದಿನ ಮಧ್ಯಾಹ್ನದೊಳಗೆ ಆ ದನಿ ತೊರವಿಯ ತುಂಬ ಹರಿದಾಡಿತು.

ಶುಕ್ರವಾರ ಯಶೋಧರಾ ಆಫೀಸಿಗೆ ಬಂದಳು. ಗುರಲಿಂಗಪ್ಪ ಅವಳಿಗೆ ಕೂಡು ಎನ್ನಲಿಲ್ಲ.

“ಯಾರರೆ ರೊಕ್ಕಾ ಕೊಟ್ಟ ಸೋಲು ಅಂದಿದ್ರೇನು ನಿನಗ? ಹೇಳಿಬಿಡು.”

“ಯಾರೂ ಏನೂ ಅಂದಿಲ್ರಿ ಸರ.”

“ಮತ್ತ ಕಾಲ ಹ್ಯಾಂಗ ಹೊರಗ ಹೋದುವು? ಇಲ್ಲೆ ಒಂದ ದಿನಾನೂ ಹೋಗಿದ್ದಿಲ್ಲ. ನಾ ದಿನಾ ಕುಂತ ನೋಡೇನಿ.”

“ಅದ ನನಗೂ ತಿಳಿವಲ್ದರಿ. ಇಲ್ಲೆ ಇಟ್ಟಂಗ ಅಲ್ಲೂ ಇಟ್ಟೇನಿ ಕಾಲ.”

ಇದು ಉತ್ತರವಲ್ಲ ಎಂದುಕೊಂಡ ಗುರಲಿಂಗಪ್ಪ ತಂಡದಿಂದ ಬಿಡುಗಡೆಯ ಪತ್ರವನ್ನು ಅವಳ ಕಡೆ ಸರಿಸಿದ. ಅವಳ ಜಾಗಕ್ಕೆ ಬೇರೆ ರೇಡರ್ ಸೋಮವಾರ ಬರುವವಳಿದ್ದಳು. ಯಶೋಧರಾ ಪತ್ರವನ್ನು ನಿಂತಲ್ಲೇ ಪೂರ್ತಿ ಓದಿದಳು.

“ಇದರಾಗ ಕಾರಣ ಬರದಿಲ್ರಿ.”

“ಕಾರಣ ಬ್ಯಾರೆ ಬರೀಬೇಕ?”

“ಬರದ ಕೊಟ್ಟಿದ್ರ ಬೇಸಿತ್ತರಿ. ಈಗ ಪೊಲೀಸ್ ನೌಕರಿಯಾವ್ರು ಕಾರಣ ಕೇಳಿದ್ರ ನಿಮ್ಮ ವಾಯ್ಸ್ ಮೆಸೇಜ್ ಒಂದ ಐತಿ ನೋಡ್ರಿ ಕೇಳಸಾಕ.” ಪತ್ರ ಮಡಿಸಿ ಹೊರಟುಹೋದಳು.

ಶನಿವಾರ ಮ್ಯಾಟು ಬಂತು. ಒಂದೊಂದು ಮೀಟರಿನ ಚೌಕ ತುಂಡುಗಳು, ಒಂದಕ್ಕೊಂದು ಹಲ್ಲು ಕೂಡಿಸಿ ಹಾಸುವಂಥವು. ರಸೂಲಸಾಬ ನಾಲ್ಕು ಕಲ್ಲುಗಳ ನಡುವೆ ಹಾಸುತ್ತ ಬಂದ. ಉದ್ದಕ್ಕೆ ಸರಿಹೋಯಿತು, ಗೇಣಿಗಿಂತ ಕಡಿಮೆ ನೆಲ ಉಳಿಯಿತು. ಅಗಲಕ್ಕೆ ಬಂದಾಗ ಎರಡೂ ಬದಿಗೆ ಹೆಚ್ಚುಕಡಿಮೆ ಎರಡೆರಡು ಫೂಟು ಕೆಮ್ಮಣ್ಣು ಕಂಡಿತು.

“ಸಾವ್ಕಾರ್ರ, ಅಂಗಡ್ಯಾವ ಮೋಸ ಮಾಡ್ಯಾನ. ತುಂಡ ಕಡಿಮಿ ಕಳಿಸ್ಯಾನ.”

ಗುರಲಿಂಗಪ್ಪ ಎಣಿಸಿದ. ಅಡ್ಡ ಎಂಟು, ಉದ್ದ ಹನ್ನೆರಡು. ತೊಂಬತ್ತಾರು ಬರೋಬ್ಬರಿ ಇದ್ದವು. ಜತೆಗೆ ಬಂದಿದ್ದ ಕಾಗದದಲ್ಲಿ ಹೆಣ್ಣುಮಕ್ಕಳ ಅಂಕಣದ ಅಳತೆಯೂ ಇತ್ತು: ಹನ್ನೆರಡು ಮೀಟರು, ಎಂಟು ಮೀಟರು. ಎಂಟು ಮೀಟರೆಂದರೆ ಇಪ್ಪತ್ತಾರು ಫೂಟು ಚಿಲ್ಲರೆ.

ಬಟ್ಟೆ ಅಳೆದವನಿಗೆ ಮೀಟರು ಗೊತ್ತಿಲ್ಲದ್ದಲ್ಲ. ಅಂಕಣ ಮಾಡಿಸುವ ದಿನ ಅವನು ಲೀಗಿನವರಿಗೆ ಫೋನ್ ಮಾಡಿದ್ದ. ಉದ್ದ ಸುಮಾರು ನಲವತ್ತು ಫೂಟು ಎಂದಿದ್ದರು. ಅಗಲ ಅವನು ಕೇಳಲೇ ಇಲ್ಲ. ಇಪ್ಪತ್ತೆರಡು ವರ್ಷ ಮೂವತ್ತು ನಲವತ್ತರ ಪ್ಲಾಟು ಮಾರಿದವನ ಬಾಯಲ್ಲಿ ನಲವತ್ತರ ಹಿಂದೆ ಮೂವತ್ತು ತಾನಾಗಿ ಬಂತು. “ಲೇ ರಸೂಲ, ಒಂದ ಪ್ಲಾಟ್ ಹಾಕು,” ಎಂದಿದ್ದ. ಹುಡುಗಿಯರು ಹತ್ತು ತಿಂಗಳು ಕಲಿತದ್ದು ಪ್ಲಾಟಿನ ಅಳತೆಯ ಮೇಲೆ. ನಡುವೆ ಆಡುವವರಿಗೆ ಅದು ಹೆಚ್ಚು ತೊಡಕಾಗಲಿಲ್ಲ, ಅಂಚಿನಲ್ಲಿ ಓಡುವವಳಿಗೆ ಆಯಿತು.

ಅವನು ರಾಜಾರಾಮನನ್ನು ಕರೆಸಿ ಕೇಳಿದ: “ನಿನಗ ಅಗಲ ಕಾಣ್ಲಿಲ್ಲೇನೋ?”

“ನಾ ಗಂಡಸರ ಅಂಕಣದಾಗ ಆಡಿದಾಂವರಿ. ಅದು ಇದಕ್ಕಿಂತ ಅಗಲ ಇರತೈತಿ. ಇದು ಸಣ್ಣದ ಐತಿ, ಹುಡುಗೇರಿಗೆ ಬರೋಬ್ಬರಿ ಅಂದ್ಕೊಂಡೆ. ಮತ್ತ ನಿಮ್ಮ ಕಲ್ಲ ಅಳಿಯಾಕ ನಾ ಯಾವ ಊರ ದೊರಿರಿ?”

ರಾಜಾರಾಮ ಹೋದ ಮೇಲೆ ರಸೂಲಸಾಬ ತಗ್ಗಿದ ದನಿಯಲ್ಲಿ ಹೇಳಿದ: “ಕಲ್ಲ ಕಿತ್ತ ಒಗಿಯೂಣ್ರಿ. ಮ್ಯಾಟ್ ಬಂತು, ಹಳೀ ಅಂಕಣ ಹೋತು. ಯಾರ ಕೇಳ್ತಾರ? ನಾಳಿ ಆಯಿತವಾರ, ಗಿರಾಕಿ ಬರೂ ದಿನ. ಸಾವ್ಕಾರ್ರ ಅಳತಿ ತಪ್ಪೇತಿ ಅಂತ ಒಬ್ಬಾಂವ ಅಂದ್ರ ಸಾಕು.”

ಆ ಮಾತು ಗುರಲಿಂಗಪ್ಪನಿಗೆ ಹಿಡಿಸಿತು. ಹಿಡಿಸಲಿಲ್ಲವೆಂದು ಬರೆದರೆ ಅವನಿಗೆ ಇಲ್ಲದ ದೊಡ್ಡತನ ಕೊಟ್ಟಂತಾಗುತ್ತದೆ. ಮನೆಗೆ ಹೋಗಿ ಗೌರಾಬಾಯಿಗೂ ಹಾಗೆಯೇ ಹೇಳಿದ. ಅವಳು ಸಜ್ಜಿ ಹಿಟ್ಟು ನಾದುತ್ತಿದ್ದಳು.

“ಮ್ಯಾಟ್ ಹಾಸಿದಾವರು ಎಷ್ಟ ಮಂದಿ?” ಎಂದಳು.

“ರಸೂಲ, ಇಬ್ರ ಆಳು. ರಾಜಾರಾಮಗೂ ಗೊತ್ತಾತು.”

“ಅಂದ್ರ ನಾಕ ಮಂದಿ. ವಾರದಾಗ ನಾಕನೂರ ಆಗ್ತಾರ. ಆಗ ಮಂದಿ ಏನಂತಾರ್ರಿ? ತಾ ಅಳತಿ ತಪ್ಪಿ, ತಪ್ಪ ಹುಡುಗಿ ಮ್ಯಾಲ ಹಾಕಿದ ಅಂತಾರ. ಅಳತಿ ತಪ್ಪಿದಾಂವನ ಕಡೆ ಇನ್ನೂ ಒಂದ ಪ್ಲಾಟ್ ಕೊಂಡಾರು. ಇಂಥಾವನ ಕಡೆ ಕೊಳ್ಳೂದಿಲ್ಲ.”

ಆಯಿತವಾರ ಬೆಳಿಗ್ಗೆ ಅವನು ಯಶೋಧರಾಗೆ ಫೋನ್ ಮಾಡಿ ಬಾ ಎಂದ. ಅವಳು ತಂಡದ ಅಂಗಿ, ಬೂಟು ಹಿಂತಿರುಗಿಸಲು ಚೀಲ ಹಿಡಿದುಕೊಂಡೇ ಬಂದಳು. ಮ್ಯಾಟಿನ ಎರಡೂ ಬದಿ ಉಳಿದಿದ್ದ ಕೆಮ್ಮಣ್ಣು ನೋಡಿ ಚೀಲ ಕೆಳಗಿಟ್ಟಳು.

“ನಂದ ತಪ್ಪ ಐತಿ ಯವ್ವಾ,” ಎಂದ ಗುರಲಿಂಗಪ್ಪ.

“ನನ್ನ ಮುಂದ ಹೇಳಿದ್ರ ಏನ ಬಂತ್ರಿ? ತೊರವ್ಯಾಗ ಎಲ್ಲಾರ ಫೋನಿನ್ಯಾಗ ನಿಮ್ಮ ದನಿ ಐತಿ. ಅದನ್ನ ಎಲ್ಲೆ ಹಾಕಿದ್ರಿ, ಅಲ್ಲೇ ಹಾಕ್ರಿ ಇದನ್ನೂ.”

ಅಷ್ಟರಲ್ಲಿ ಟಿಕೋಟಾದ ದ್ರಾಕ್ಷಿ ಬೆಳೆಗಾರ ಸಾಬಣ್ಣ ಬಂದಿದ್ದ. ಆರು ವರ್ಷದ ಹಿಂದೆ ಇದೇ ಲೇಔಟಿನಲ್ಲಿ ಪ್ಲಾಟು ಕೊಂಡವನು; ಈಗ ಮಗ್ಗುಲಿನದನ್ನೂ ನೋಡಲು ಬಂದಿದ್ದ. ಅವನಂತೆ ಇಲ್ಲಿ ಪ್ಲಾಟು ಕೊಂಡಿದ್ದ ಇನ್ನೂ ಆರೇಳು ಹಳೆಯ ಗಿರಾಕಿಗಳು ಚಹಾ ಕುಡಿಯುತ್ತಿದ್ದರು. ಗುರಲಿಂಗಪ್ಪ ಅವರು ಹೋಗಲಿ ಎಂದು ಕಾಯಬಹುದಿತ್ತು. ಯಶೋಧರಾ ಅವನ ಮುಖ ನೋಡುತ್ತ ನಿಂತಿದ್ದಳು. ಅವನು ರಸೂಲಸಾಬನಿಗೆ ಟೇಪು ತಾ ಎಂದ. ಎಲ್ಲರ ಎದುರಿಗೆ ಕಲ್ಲಿನಿಂದ ಕಲ್ಲಿಗೆ ಅಳೆದು, ಮೂವತ್ತು ಎಂದು ಓದಿ, ಫೋನ್ ತೆಗೆದು ಅಲ್ಲೇ ಮಾತಾಡಿದ:

“ನಾ ಗುರಲಿಂಗಪ್ಪ. ಹುಡುಗೇರ ಅಂಕಣ ಇಪ್ಪತ್ತಾರ ಫೂಟ್ ಇರಬೇಕು. ನಾ ಮೂವತ್ತ ಹಾಕಿದ್ದೆ. ಯಶೋಧರಾನ ಕಾಲ ತಪ್ಪಿಲ್ಲ, ನನ್ನ ಅಳತಿ ತಪ್ಪೇತಿ. ಹಿಂದ ನಾ ಆಡಿದ ಮಾತ ಸುಳ್ಳ ಐತಿ. ಅದನ್ನ ಯಾರ್ಯಾರಿಗೆ ಕಳಿಸೀರಿ, ಇದನ್ನೂ ಅವರಿಗೆ ಕಳಸ್ರಿ.”

ಯಶೋಧರಾ ತನ್ನ ಫೋನಿನಲ್ಲಿ ಅದು ಬಂದದ್ದನ್ನು ಕೇಳಿ ನೋಡಿದಳು. ಆಮೇಲೆ ಚೀಲದಿಂದ ಬಿಡುಗಡೆಯ ಪತ್ರ ತೆಗೆದು ಅವನ ಕೈಗೆ ಕೊಟ್ಟು ಬೂಟು ಹಾಕಿಕೊಳ್ಳತೊಡಗಿದಳು.

ಸಾಬಣ್ಣ ಕಪ್ಪು ಕೆಳಗಿಟ್ಟ. “ಗುರಲಿಂಗಪ್ಪಾವ್ರ, ಹೆಚ್ಚಿಗಿ ತಪ್ಪಿದ್ರ ಪಾಡಾತು ಬಿಡ್ರಿ. ನಂದೇನರೆ ಕಡಿಮಿ ಬಿದ್ದೇತೇನು, ಒಮ್ಮಿ ಟೇಪ್ ಎಳದ ನೋಡೂಣು?”

ಗಿರಾಕಿಗಳು ನಕ್ಕರು. ರಸೂಲಸಾಬನ ಮುಖ ಕಪ್ಪಿಟ್ಟಿತು.

ಸಾಬಣ್ಣನ ಪ್ಲಾಟು ಸರಿಯಾಗಿ ಮೂವತ್ತಿತ್ತು. ನಗುತ್ತ ನಿಂತಿದ್ದವರೂ ತಮ್ಮ ತಮ್ಮ ಪ್ಲಾಟು ಅಳೆಯಿರಿ ಎಂದರು. ಮಧ್ಯಾಹ್ನದವರೆಗೆ ಒಂಬತ್ತು ಪ್ಲಾಟುಗಳನ್ನು ಅಳೆದದ್ದಾಯಿತು. ಒಂದರಲ್ಲೂ ಬೆರಳಿನಷ್ಟು ವ್ಯತ್ಯಾಸ ಬರಲಿಲ್ಲ. ಆದರೂ ಮುಂದಿನ ವಾರದಿಂದ ಗಿರಾಕಿಗಳು ತೆಂಗಿನಕಾಯಿಯ ಜತೆ ಟೇಪೂ ತರತೊಡಗಿದರು.

ಆ ಸಲದ ಲೀಗಿನಲ್ಲಿ ತಂಡ ಐದನೆಯದಾಯಿತು. ಉಳಿದ ನಾಲ್ಕು ಪಂದ್ಯಗಳಲ್ಲಿ ಯಶೋಧರಾ ಒಂದೇ ಸಲ ಗೆರೆ ದಾಟಿದಳು. ಪೊಲೀಸ್ ನೌಕರಿಯ ಸಂದರ್ಶನದಲ್ಲಿ ಆ ಮೆಸೇಜಿನ ಬಗ್ಗೆ ಕೇಳಿದರು. ಅವಳು ಎರಡನ್ನೂ ಕೇಳಿಸಿದಳು. ಫಲಿತಾಂಶ ಇನ್ನೂ ಬಂದಿಲ್ಲ.

ಟೇಪು ತಂದವರಿಗೆ ರಸೂಲಸಾಬ ಈಗಲೂ ಮುಖ ಗಂಟಿಕ್ಕುತ್ತಾನೆ, ಆದರೆ ಚಹಾ ಕೊಡುತ್ತಾನೆ. ಗಿರಾಕಿ ಟೇಪು ಬಿಚ್ಚಿದರೆ ಗುರಲಿಂಗಪ್ಪ ಎದ್ದು ಹೋಗಿ ಅದರ ಇನ್ನೊಂದು ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದು, ಓದಿರಿ ಎನ್ನುತ್ತಾನೆ.