ನನ್ನ ತೂಕ ಕಳೆದ ಸಿಸ್ಟರ್

ವಿದ್ಯಾಗಿರಿಯ ದವಾಖಾನೆಯಲ್ಲಿದ್ದ ಆ ಸಿಸ್ಟರ್, ಬರೆದ ಪ್ರತಿ ಅಂಕಿಯ ಕೆಳಗೂ ಗೆರೆ ಎಳೆಯುತ್ತಿದ್ದರು. "ಅಂದಾಜು ಬ್ಯಾಡ್ರಿ, ತೂಕ ಹೇಳ್ರಿ" ಎಂಬುದು ಅವರ ಮಾತು.

ನನ್ನ ಎಂಟು ತಿಂಗಳ ಮಗಳಿಗೆ ಜ್ವರ ಬಂದ ದಿನ ಕೂಸಿನ ತಕ್ಕಡಿ ಕೆಟ್ಟಿತ್ತು. ಅವಳನ್ನು ಎತ್ತಿಕೊಂಡೇ ದೊಡ್ಡವರ ತಕ್ಕಡಿ ಹತ್ತಿದೆ. ಅರವತ್ತೆಂಟು ಕೆಜಿ.

"ನಿಮ್ಮದೆಷ್ಟ್ರಿ? ಕಳೀತೇನಿ."

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾಚಿಕೆಯಿಂದ, "ಐವತ್ತೈದು" ಎಂದೆ.

ತೂಕಕ್ಕೆ ತಕ್ಕ ಲೆಕ್ಕ ಹಾಕಿ, ಬಾಯಿಗೆ ಹಾಕುವ ಸೂಜಿಯಿಲ್ಲದ ಸಿರಿಂಜಿಗೆ ಜ್ವರದ ಔಷಧ ಎಳೆದವರು ಮಗಳ ಮುಂಗೈ ಹಿಡಿದು ನಿಂತುಬಿಟ್ಟರು. "ಇದು ಹದಿಮೂರು ಕೆಜಿ ಕೂಸಿನ ಕೈ ಅಲ್ರಿ ಅಕ್ಕಾರ. ಕೂಸು ಇಲ್ಲಿ ಕೊಡ್ರಿ, ನೀವೊಬ್ರ ಹತ್ರಿ."

ಮುಳ್ಳು ಅರವತ್ತೊಂದಕ್ಕೆ ನಿಂತಿತು. ಮಗಳು ಬರೀ ಏಳು ಕೆಜಿ.

ಅವರು ಏಳು ಎಂದು ಬರೆದು, ಕೆಳಗೆ ಗೆರೆ ಎಳೆದು, ಅರ್ಧದಷ್ಟು ಔಷಧವನ್ನು ಬೇಸಿನ್ನಿಗೆ ಚೆಲ್ಲಿದರು. ನನ್ನ ಆರು ಕೆಜಿ ಸುಳ್ಳು ಮಗಳ ಬಾಯಿಗೆ ಹೋಗುವುದರಲ್ಲಿತ್ತು.